ರಗ್ಬಿ ಆಡುವವರೇ, ಗುರಿಯನ್ನು ಅಳೆಯೋಕೆ ಬರುವಂತೆ ಇಟ್ಟುಕೊಳ್ಳಿ

ಗೆಳೆಯರೇ, "ಈ ಸಲ ಕಪ್ ನಮ್ದೇ" ಅಂತ ಕೂಗೋಕೆ ಚೆನ್ನಾಗಿರುತ್ತದೆ. ನಮ್ಮ ಬೆಂಗಳೂರಿನವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ, ಅಲ್ವಾ? ಆದರೆ ನಾಳೆ ಬೆಳಿಗ್ಗೆ ಪ್ರಾಕ್ಟೀಸ್‌ನಲ್ಲಿ ಏನು ಮಾಡಬೇಕು ಅಂತ ಅದು ಹೇಳುವುದಿಲ್ಲ.

ಗುರಿ ನಿಮ್ಮ ಕೈಯಲ್ಲೇ ಇರುವಂಥದ್ದಾಗಿರಲಿ. ಫಿಟ್‌ನೆಸ್‌ಗೆ ಬ್ರಾಂಕೋ ಟೆಸ್ಟ್ ಒಳ್ಳೆಯದು. 20 ಮೀಟರ್ ಹೋಗಿ ವಾಪಸ್, 40 ಹೋಗಿ ವಾಪಸ್, 60 ಹೋಗಿ ವಾಪಸ್. ಹೀಗೆ ಐದು ಸುತ್ತು, ನಡುವೆ ನಿಲ್ಲುವಂತಿಲ್ಲ. ಒಟ್ಟು 1,200 ಮೀಟರ್. ನಾಲ್ಕು ಕೋನ್, ಒಂದು ಮೊಬೈಲ್ ಇದ್ದರೆ ಸಾಕು. ಇವತ್ತಿನ ಟೈಮ್ ಬರೆದಿಡಿ, ತಿಂಗಳ ನಂತರ ಅದೇ ಮೈದಾನದಲ್ಲಿ ಮತ್ತೆ ಓಡಿ. ಮಳೆ ಬಿದ್ದು ಕೆಸರಾದ ದಿನ ಬೇಡ, ಹೋಲಿಕೆ ಸರಿ ಬರುವುದಿಲ್ಲ. ಜೊತೆಗೆ ಒಂದೇ ಒಂದು ಸ್ಕಿಲ್ ಹಿಡಿಯಿರಿ. ಹೆಚ್ಚಿನವರಿಗೆ ಒಂದು ಕಡೆಗೆ ಪಾಸ್ ಚೆನ್ನಾಗಿ ಹೋಗುತ್ತದೆ, ಇನ್ನೊಂದು ಕಡೆಗೆ ತಡವರಿಸುತ್ತದೆ. ಅದರಿಂದಲೇ ಶುರು ಮಾಡಿ.

ಕೋಚ್‌ಗಳೇ, ಆಟಗಾರರ ಗುರಿಯನ್ನು ನೀವೇ ಬರೆದುಕೊಡಬೇಡಿ. ಅವರೇ ಹೇಳಲಿ, ಉಳಿದವರ ಎದುರು ಹೇಳಲಿ. ತಾನೇ ಹೇಳಿದ ಮಾತು ಬಿಡೋಕೆ ಯಾರಿಗಾದರೂ ಸ್ವಲ್ಪ ಸಂಕೋಚ ಆಗುತ್ತದೆ.

ಇನ್ನು ಹಾಜರಿ. ಸಂಜೆ ಔಟರ್ ರಿಂಗ್ ರೋಡ್ ದಾಟಿ ಬರುವವರನ್ನು ಲೇಟ್ ಅಂತ ಬೈದು ಸುಮ್ನೆ ಪ್ರಯೋಜನವಿಲ್ಲ. ವಾರದ ಮಧ್ಯದ ಪ್ರಾಕ್ಟೀಸ್ ಬೆಳಿಗ್ಗೆ ಆರಕ್ಕೆ ಇಟ್ಟು ನೋಡಿ. ಬರೋಕಾಗದವರು ಹಿಂದಿನ ರಾತ್ರಿಯೇ ಮೆಸೇಜ್ ಹಾಕಲಿ. ಸೆವೆನ್ಸ್‌ಗೆ ಏಳು ಜನ ಬೇಕು, ಐವರು ಬಂದರೆ ಯಾವ ಡ್ರಿಲ್ ಅಂತ ಆಗಲೇ ಯೋಚಿಸಬಹುದು.