ಸಿಇಟಿ ಬರೆದರಷ್ಟೇ ಸೀಟು ಸಿಗದು

ಕರ್ನಾಟಕದಲ್ಲಿ ಸಿಇಟಿ (ಸಾಮಾನ್ಯ ಪ್ರವೇಶ ಪರೀಕ್ಷೆ) ಮೂಲಕ ಎಂಜಿನಿಯರಿಂಗ್ ಸೇರುವವರ ರ‍್ಯಾಂಕ್‌ನಲ್ಲಿ ಸಿಇಟಿಗೆ ಅರ್ಧ ತೂಕ, ದ್ವಿತೀಯ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕಗಳಿಗೆ ಇನ್ನರ್ಧ. ಹಾಗಾಗಿ ಬೋರ್ಡ್ ಪರೀಕ್ಷೆಯನ್ನು ಕಡೆಗಣಿಸಿ ಕೋಚಿಂಗ್‌ಗೇ ಜೋತುಬೀಳುವುದು ನಷ್ಟದ ಲೆಕ್ಕಾಚಾರ. ಮೇಲಾಗಿ ಆ ಮೂರು ವಿಷಯಗಳಲ್ಲಿ ಸಾಮಾನ್ಯ ವರ್ಗದವರಿಗೆ ಒಟ್ಟು ಶೇ 45, ಪರಿಶಿಷ್ಟರು ಮತ್ತು ಹಿಂದುಳಿದ ವರ್ಗದವರಿಗೆ ಶೇ 40 ಇಲ್ಲದಿದ್ದರೆ ಅರ್ಹತೆಯೇ ಇಲ್ಲ.

ಸಿಇಟಿಯಲ್ಲಿ ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ತಪ್ಪಿಗೆ ಅಂಕ ಕಳೆಯುವುದಿಲ್ಲ. ಒಂದನ್ನೂ ಖಾಲಿ ಬಿಡಬೇಡಿ. ಕೊನೆಯ ಐದು ನಿಮಿಷವನ್ನು ಒಎಂಆರ್ ಉತ್ತರಹಾಳೆಯಲ್ಲಿ ಉಳಿದ ವೃತ್ತಗಳನ್ನು ತುಂಬಲೆಂದೇ ಇಟ್ಟುಕೊಳ್ಳಿ. ಆ ಹಾಳೆಯಲ್ಲಿ ಮೊದಲು ನೋಡಬೇಕಾದದ್ದು ಪ್ರಶ್ನೆಪತ್ರಿಕೆಯ ವರ್ಷನ್ ಕೋಡ್. ಅದು ತಪ್ಪಿದರೆ ಸರಿಯುತ್ತರಗಳೂ ಬೇರೆ ವರ್ಷನ್‌ನ ಕೀ ಉತ್ತರಗಳೊಂದಿಗೆ ತಾಳೆ ನೋಡಲ್ಪಟ್ಟು ವ್ಯರ್ಥವಾಗುತ್ತವೆ.

ಸಿಬಿಎಸ್‌ಇ, ಐಎಸ್‌ಸಿಯವರು ಹನ್ನೆರಡನೇ ತರಗತಿ ಅಂಕಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಜಾಲತಾಣದಲ್ಲಿ ತಾವೇ ನಮೂದಿಸಬೇಕಾಗುತ್ತದೆ. ಇದನ್ನು ಮರೆತರೆ ಎಂಜಿನಿಯರಿಂಗ್ ರ‍್ಯಾಂಕ್ ತಡೆಹಿಡಿಯಲ್ಪಡುತ್ತದೆ.

ಹೊರನಾಡು, ಗಡಿನಾಡು ಕನ್ನಡಿಗರ ಕೋಟಾ ಕೇಳುವವರಿಗೆ 50 ಅಂಕಗಳ ಕನ್ನಡ ಪರೀಕ್ಷೆಯೂ ಉಂಟು. 12 ಅಂಕ ಸಾಕು. ಮನೆಮಾತು ಕನ್ನಡವಾದರೂ ಬರೆದು ರೂಢಿಯಿಲ್ಲದವರು ಒಂದೆರಡು ವಾರ ಕೈ ಪಳಗಿಸಿಕೊಳ್ಳಿ. ವೈದ್ಯಕೀಯಕ್ಕೆ ನೀಟ್, ಆರ್ಕಿಟೆಕ್ಚರ್‌ಗೆ ನಾಟಾ: ಅವುಗಳ ಅರ್ಜಿಯೇ ಬೇರೆ.