ಇತಿಹಾಸದ ಪ್ರಾಜೆಕ್ಟ್: ನಕಲು ಮಾಡದೆ ಹುಡುಕುವುದು ಹೇಗೆ?

ಆರು, ಏಳು, ಎಂಟನೇ ತರಗತಿಯ ಮಕ್ಕಳಿಗೆ ಸಮಾಜ ವಿಜ್ಞಾನದ ಪ್ರಾಜೆಕ್ಟ್ ಕೊಟ್ಟಾಗ ಸಾಮಾನ್ಯವಾಗಿ ನಡೆಯುವುದು ಇಷ್ಟೇ. ವಿಷಯದ ಹೆಸರನ್ನು ಮೊಬೈಲಿನಲ್ಲಿ ಟೈಪ್ ಮಾಡುವುದು, ಮೊದಲು ಬಂದ ಪುಟ ತೆರೆಯುವುದು, ನಾಲ್ಕು ಪ್ಯಾರಾ ಇಳಿಸಿಕೊಳ್ಳುವುದು, ಎರಡು ಚಿತ್ರ ಅಂಟಿಸುವುದು. ಅಂಕವೂ ಬಂದೀತು. ಆದರೆ ಬರೆದದ್ದರಲ್ಲಿ ಯಾವುದಾದರೂ ಒಂದು ಸಾಲು ತೋರಿಸಿ "ಇದು ನಿನಗೆ ಹೇಗೆ ಗೊತ್ತು?" ಎಂದು ಕೇಳಿದರೆ ಮಗು ಸುಮ್ಮನಾಗುತ್ತದೆ. ಆ ಪ್ರಶ್ನೆಗೆ ಉತ್ತರ ಇಟ್ಟುಕೊಂಡು ಬರೆಯುವುದೇ ಸಂಶೋಧನೆ. ಹನ್ನೆರಡು, ಹದಿಮೂರರ ವಯಸ್ಸಿಗೆ ಅದು ಖಂಡಿತ ಭಾರವಲ್ಲ.

ಕ್ರಮವನ್ನು ವಿವರಿಸಲು 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಅದರ ಬಗ್ಗೆ ಎಲ್ಲರಿಗೂ ಏನೋ ಒಂದಿಷ್ಟು ಗೊತ್ತು. ಹಾಗೆ ಗೊತ್ತಿರುವುದರಲ್ಲಿ ಪರೀಕ್ಷಿಸಿ ನೋಡಬೇಕಾದದ್ದೂ ಬಹಳ ಇದೆ.

ವಿಷಯವನ್ನು ಪ್ರಶ್ನೆಯಾಗಿಸಿ

"ಟೈಟಾನಿಕ್" ಎಂಬುದು ಬರೀ ವಿಷಯ. ಅದರ ಬಗ್ಗೆ ಬರೆಯಲು ಕೂತರೆ ಹಡಗಿನ ಉದ್ದ, ಅಗಲ, ಚಿಮಣಿಗಳ ಸಂಖ್ಯೆ ಎಲ್ಲವೂ ಬಂದು ತುಂಬಿಕೊಳ್ಳುತ್ತವೆ, ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ. ಅದರ ಬದಲು "ಹಡಗಿನಲ್ಲಿದ್ದ ಎಲ್ಲರಿಗೂ ಸಾಲುವಷ್ಟು ಜೀವರಕ್ಷಕ ದೋಣಿಗಳು ಏಕಿರಲಿಲ್ಲ?" ಎಂದು ಕೇಳಿಕೊಳ್ಳಿ. ಏನು ಹುಡುಕಬೇಕು, ಏನು ಬಿಡಬೇಕು ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ಒಳ್ಳೆಯ ಪ್ರಶ್ನೆ ಎಲ್ಲಿಗೆ ಕರೆದೊಯ್ಯುತ್ತದೆ ನೋಡಿ. ಟೈಟಾನಿಕ್‌ನಲ್ಲಿ ಇದ್ದವರು ಸುಮಾರು 2,200 ಮಂದಿ. ಇದ್ದ ದೋಣಿಗಳು 20, ಅವುಗಳಲ್ಲಿ ಹಿಡಿಸುತ್ತಿದ್ದದ್ದು 1,178 ಜನ. ಇದನ್ನು ಓದಿದೊಡನೆ ಹಡಗಿನ ಮಾಲೀಕರು ಕಾನೂನು ಮುರಿದಿರಬೇಕು ಅನ್ನಿಸುತ್ತದೆ. ಹುಡುಕಿದರೆ ಸಿಗುವುದು ಬೇರೆಯೇ. ದೋಣಿಗಳ ಲೆಕ್ಕ ಹೇಳುತ್ತಿದ್ದ ಬ್ರಿಟಿಷ್ ನಿಯಮಗಳು 1894ರವು. ಅವುಗಳ ಪಟ್ಟಿ "10,000 ಟನ್ ಮತ್ತು ಮೇಲ್ಪಟ್ಟು" ಎಂಬಲ್ಲಿಗೆ ಮುಗಿದಿತ್ತು, ಅದಕ್ಕೆ 16 ದೋಣಿ ಸಾಕಿತ್ತು. ಟೈಟಾನಿಕ್ ಸುಮಾರು 46,000 ಟನ್ನಿನ ಹಡಗು. ಅಂದರೆ ಕಾನೂನು ಕೇಳಿದ್ದಕ್ಕಿಂತ ನಾಲ್ಕು ದೋಣಿ ಹೆಚ್ಚೇ ಇತ್ತು! ಹಡಗುಗಳು ಬೆಳೆದವು, ನಿಯಮ ಬೆಳೆಯಲಿಲ್ಲ. ಇಲ್ಲಿಂದ ಮುಂದಕ್ಕೆ ನಿಮ್ಮ ಇತಿಹಾಸದ ಪ್ರಶ್ನೆ ಪೌರನೀತಿಯ ಪ್ರಶ್ನೆಯೂ ಆಗುತ್ತದೆ: ನಿಯಮ ಮಾಡುವವರು ಯಾರು, ಅದನ್ನು ಯಾವಾಗ ಬದಲಿಸುತ್ತಾರೆ? 1914ರಲ್ಲಿ ಲಂಡನ್ನಿನಲ್ಲಿ ಹಲವು ದೇಶಗಳು ಸೇರಿ ಸಮುದ್ರ ಸುರಕ್ಷತೆಯ ಮೊದಲ ಅಂತರರಾಷ್ಟ್ರೀಯ ಒಪ್ಪಂದ ಮಾಡಿಕೊಂಡದ್ದು ಇದೇ ದುರಂತದ ಬೆನ್ನಲ್ಲಿ.

"ಯಾವಾಗ ಮುಳುಗಿತು?" ಎಂಬಂಥ ಒಂದೇ ಸಾಲಿನಲ್ಲಿ ಮುಗಿಯುವ ಪ್ರಶ್ನೆ ಪ್ರಾಜೆಕ್ಟಿಗೆ ಸಾಲದು. "ಸಮುದ್ರಯಾನದ ಇತಿಹಾಸ" ಎಂಬುದು ಜನ್ಮವಿಡೀ ಓದಿದರೂ ಮುಗಿಯದು. ಏಕೆ, ಹೇಗೆ, ಯಾರಿಗೆ ಏನಾಯಿತು, ಆಮೇಲೆ ಏನು ಬದಲಾಯಿತು ಎಂಬ ಪ್ರಶ್ನೆಗಳು ನಡುವಿನ ಅಳತೆಯವು. ಇನ್ನೂ ದೊಡ್ಡದಾಯಿತು ಅನ್ನಿಸಿದರೆ ಒಂದು ಜಾಗ, ಒಂದು ಕಾಲ ಅಥವಾ ಒಂದು ಗುಂಪಿನ ಜನ ಎಂದು ಕಿರಿದು ಮಾಡಿಕೊಳ್ಳಿ. ಪ್ರಶ್ನೆಯನ್ನು ಶಿಕ್ಷಕರಿಗೆ ಈ ಹಂತದಲ್ಲೇ ತೋರಿಸುವುದು ಒಳ್ಳೆಯದು.

ಬರೆದುಕೊಳ್ಳುವ ಮೊದಲು ಓದಿ

ಪಠ್ಯಪುಸ್ತಕ, ವಿಶ್ವಕೋಶ, ಮಕ್ಕಳಿಗಾಗಿ ಬರೆದ ಸರಳ ಪುಸ್ತಕ, ಇವುಗಳಲ್ಲಿ ಒಂದೆರಡನ್ನು ಮೊದಲಿಂದ ಕೊನೆಯವರೆಗೆ ಓದಿ. ಆಗ ಪೆನ್ನು ಬೇಡ. ಕಥೆ ಒಟ್ಟಾರೆ ತಲೆಗೆ ಹೋಗಲಿ. ಎರಡನೇ ಓದಿನಲ್ಲಿ ಹೆಸರು, ಇಸವಿ, ಜಾಗ, ಹೊಸ ಪದ ಇಷ್ಟನ್ನು ಮಾತ್ರ ಗುರುತು ಹಾಕಿಕೊಳ್ಳಿ. ಮುಂದಿನ ಹುಡುಕಾಟಕ್ಕೆ ಇವೇ ಬೇಕು. ದಪ್ಪ ಪುಸ್ತಕವನ್ನು ಪೂರ್ತಿ ಓದಬೇಕಾಗಿಲ್ಲ. ಹಿಂಬದಿಯ ಪದಸೂಚಿಯಲ್ಲಿ ನಿಮ್ಮ ಪದ ಯಾವ ಪುಟದಲ್ಲಿದೆ ಎಂದು ನೋಡಿ ಅಲ್ಲಿಗೇ ಹೋಗಿ. ಗ್ರಂಥಪಾಲಕರನ್ನು ಕೇಳಲು ಸಂಕೋಚ ಬೇಡ. "ಟೈಟಾನಿಕ್ ಪುಸ್ತಕ ಇದೆಯಾ?" ಎನ್ನುವುದಕ್ಕಿಂತ ನಿಮ್ಮ ಪ್ರಶ್ನೆಯನ್ನೇ ಪೂರ್ತಿ ಹೇಳಿದರೆ ಅವರು ಹೆಚ್ಚು ಸಹಾಯ ಮಾಡಬಲ್ಲರು.

ಅಂತರ್ಜಾಲದಲ್ಲಿ ಬರೀ "ಟೈಟಾನಿಕ್" ಎಂದರೆ ಸಿನಿಮಾದ ಪುಟಗಳೇ ಮುತ್ತಿಕೊಳ್ಳುತ್ತವೆ. ಹಡಗು, ದೋಣಿ, ನಿಯಮ, 1894 ಎಂಬಂತೆ ಮೂರು ನಾಲ್ಕು ಪದಗಳನ್ನು ಜೋಡಿಸಿ ಹುಡುಕಿ. ಒಂದೇ ಹೆಸರನ್ನು ಬೇರೆ ಬೇರೆ ಕಾಗುಣಿತದಲ್ಲಿ, ಬೇರೆ ಭಾಷೆಯಲ್ಲಿ ಕೂಡ ಹಾಕಿ ನೋಡಿ. ಊರು, ದೇಶಗಳ ಹಳೆಯ ಹೆಸರುಗಳನ್ನು ಮರೆಯಬೇಡಿ: ಇಸ್ತಾಂಬುಲ್ ನಗರದ ಹಳೆಯ ದಾಖಲೆ ಕಾನ್‌ಸ್ಟಾಂಟಿನೋಪಲ್ ಎಂಬ ಹೆಸರಿನಡಿ ಇರುತ್ತದೆ.

ವಿಕಿಪೀಡಿಯ ನೋಡಬಾರದೇ ಎಂದು ಮಕ್ಕಳು ಕೇಳುತ್ತಾರೆ. ಧಾರಾಳವಾಗಿ ನೋಡಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಪ್ರತಿ ಲೇಖನದ ಕೆಳಗಡೆ ಉಲ್ಲೇಖಗಳ ಪಟ್ಟಿ ಇರುತ್ತದೆ. ಅಲ್ಲಿಂದ ಮೂಲ ಪುಸ್ತಕಕ್ಕೆ, ವಸ್ತುಸಂಗ್ರಹಾಲಯದ ಪುಟಕ್ಕೆ, ದಾಖಲೆಗೆ ಹೋಗಬಹುದು. ಗೊತ್ತಿಲ್ಲದ ಜಾಲತಾಣ ಸಿಕ್ಕಿದರೆ ಅದನ್ನು ಓದುತ್ತಾ ಕೂರುವ ಮೊದಲು ಇನ್ನೊಂದು ಕಿಟಕಿ ತೆರೆದು, ಅದನ್ನು ನಡೆಸುವವರು ಯಾರು, ಬೇರೆಯವರು ಅದರ ಬಗ್ಗೆ ಏನು ಹೇಳಿದ್ದಾರೆ ಎಂದು ನೋಡಿ. ಪುಟ ಅಂದವಾಗಿದೆ ಎಂಬುದು ಅದನ್ನು ನಂಬಲು ಕಾರಣವಲ್ಲ.

ಹೇಳಿದವರು ಯಾರು, ಅವರಿಗೆ ಹೇಗೆ ಗೊತ್ತು?

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಆ ಕಾಲದಲ್ಲೇ, ಆ ಘಟನೆಯೊಳಗೇ ಹುಟ್ಟಿದ ಪತ್ರ, ದಿನಚರಿ, ಫೋಟೊ, ಶಾಸನ, ನಾಣ್ಯ, ಸಾಕ್ಷಿ ಹೇಳಿಕೆ ಇವೆಲ್ಲ ಪ್ರಾಥಮಿಕ ಆಕರಗಳು. ಅವನ್ನು ಓದಿ ಆಮೇಲೆ ಬೇರೆಯವರು ಬರೆದ ಇತಿಹಾಸ ಪುಸ್ತಕ, ಪಠ್ಯಪುಸ್ತಕ, ಲೇಖನಗಳು ದ್ವಿತೀಯಕ ಆಕರಗಳು. ನಿಮ್ಮ ಪ್ರಾಜೆಕ್ಟಿನಲ್ಲಿ ಎರಡೂ ಇರಬೇಕು. ಒಂದೇ ಒಂದು ಪ್ರಾಥಮಿಕ ಆಕರವನ್ನಾದರೂ ಸ್ವಂತ ಕಣ್ಣಿನಿಂದ ಓದಿದ ಮಗುವಿನ ಬರವಣಿಗೆಯೇ ಬೇರೆ ಇರುತ್ತದೆ. ಟೈಟಾನಿಕ್ ಮುಳುಗಿದ ಮೇಲೆ ಅಮೆರಿಕ, ಬ್ರಿಟನ್ನುಗಳಲ್ಲಿ ನಡೆದ ವಿಚಾರಣೆಗಳಲ್ಲಿ ಸಾಕ್ಷಿಗಳು ಕೊಟ್ಟ ಹೇಳಿಕೆಗಳು ಇಂದು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಇಂಗ್ಲಿಷ್ ಕಷ್ಟವಾದರೆ ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಎರಡು ಪುಟ ಓದಿದರೂ ಸಾಕು.

ಆದರೆ ಪ್ರಾಥಮಿಕ ಎಂದ ಮಾತ್ರಕ್ಕೆ ನಿಜ ಎಂದಲ್ಲ. ಹಡಗು ಮುಳುಗಿದ್ದು 1912ರ ಏಪ್ರಿಲ್ 15ರ ಬೆಳಗಿನ ಜಾವ. ಅದೇ ದಿನ ಕೆಲವು ಪತ್ರಿಕೆಗಳು ಪ್ರಯಾಣಿಕರೆಲ್ಲ ಸುರಕ್ಷಿತ ಎಂದು ಅಚ್ಚು ಹಾಕಿದವು. ಸತ್ತವರು 1,500ರ ಆಸುಪಾಸು. ಆ ಪತ್ರಿಕೆ ಘಟನೆಯ ಕಾಲದ್ದೇ, ಅಸಲಿಯೇ, ಆದರೂ ತಪ್ಪು. ಬರೆದವರು ಸಮುದ್ರದ ಮೇಲೆ ಇರಲಿಲ್ಲ. ಅರೆಬರೆ ತಂತಿ ಸಂದೇಶಗಳನ್ನು ನಂಬಿದ್ದರು.

ಇನ್ನು, ಸ್ಥಳದಲ್ಲೇ ಇದ್ದವರ ಮಾತು. ಹಡಗು ಮುಳುಗುವ ಮೊದಲು ಎರಡು ತುಂಡಾಯಿತೇ? ಬದುಕಿ ಬಂದ 17 ವರ್ಷದ ಜ್ಯಾಕ್ ಥೇಯರ್ ಹೌದು ಎಂದ. ಬದುಕಿ ಬಂದ ಹಿರಿಯ ಅಧಿಕಾರಿ ಚಾರ್ಲ್ಸ್ ಲೈಟೊಲರ್ ಇಲ್ಲ ಎಂದರು. ಬ್ರಿಟನ್ನಿನ ವಿಚಾರಣೆ ಅಧಿಕಾರಿಯ ಕಡೆಗೇ ವಾಲಿತು. 1985ರಲ್ಲಿ ಅಟ್ಲಾಂಟಿಕ್ ಸಾಗರದ ತಳದಲ್ಲಿ ಅವಶೇಷ ಸಿಕ್ಕಿದಾಗ ಅದು ಎರಡು ಭಾಗವಾಗಿ ಬಿದ್ದಿತ್ತು. ಎಪ್ಪತ್ತಮೂರು ವರ್ಷ ಆ ಹುಡುಗನ ಮಾತಿಗಿಂತ ಅಧಿಕಾರಿಯ ಮಾತಿಗೆ ತೂಕ ಹೆಚ್ಚಿತ್ತು. ಕತ್ತಲಲ್ಲಿ, ಬೇರೆ ಬೇರೆ ಕಡೆ ಇದ್ದವರಿಗೆ ಒಂದೇ ಘಟನೆ ಬೇರೆ ಬೇರೆಯಾಗಿ ಕಂಡಿರಬಹುದು. ಹೀಗಾಗಿ ಪ್ರತಿ ಆಕರದ ಪಕ್ಕದಲ್ಲೂ ನಾಲ್ಕು ಸಂಗತಿ ಬರೆದಿಟ್ಟುಕೊಳ್ಳಿ: ಹೇಳಿದವರು ಯಾರು, ಆಗ ಎಲ್ಲಿದ್ದರು, ಎಷ್ಟು ಕಾಲದ ಮೇಲೆ ಹೇಳಿದರು, ಹಾಗೆ ಹೇಳುವುದರಿಂದ ಅವರಿಗೆ ಏನಾದರೂ ಲಾಭ ಇತ್ತೇ.

ಎರಡು ಪುಸ್ತಕ ಎರಡು ಮಾತು ಹೇಳಿದರೆ

ಮಕ್ಕಳು ಹೆದರುವುದು ಇಲ್ಲೇ. ಹೆದರಬೇಡಿ, ವ್ಯತ್ಯಾಸ ಕಂಡುಹಿಡಿದಿರಿ ಎಂದರೆ ಗಮನಕೊಟ್ಟು ಓದಿದ್ದೀರಿ ಎಂದರ್ಥ. ಬದುಕುಳಿದವರು ಅಮೆರಿಕದ ಸೆನೆಟ್ ವಿಚಾರಣೆಯ ಪ್ರಕಾರ 706, ಬ್ರಿಟನ್ನಿನ ವಿಚಾರಣೆಯ ಪ್ರಕಾರ 711. "ಸುಮಾರು 700" ಎಂದು ಬರೆಯಿರಿ, ಇಲ್ಲವೇ ಯಾವ ವರದಿಯ ಅಂಕಿ ಎಂದು ಹೆಸರಿಸಿ.

ಕೆಲವೊಮ್ಮೆ ಎರಡೂ ಸರಿ ಇರುತ್ತವೆ. ರಷ್ಯಾದ ಕ್ರಾಂತಿ 1917ರ ಅಕ್ಟೋಬರ್ 25 ಎಂದು ಒಂದು ಪುಸ್ತಕ, ನವೆಂಬರ್ 7 ಎಂದು ಇನ್ನೊಂದು ಹೇಳುತ್ತದೆ. ದಿನ ಒಂದೇ. ರಷ್ಯಾ ಆಗ ಹಳೆಯ ಜೂಲಿಯನ್ ಕ್ಯಾಲೆಂಡರ್ ಬಳಸುತ್ತಿತ್ತು, ಅದು ನಾವು ಈಗ ಬಳಸುವ ಕ್ಯಾಲೆಂಡರಿಗಿಂತ 13 ದಿನ ಹಿಂದಿತ್ತು.

ಕೆಲವೊಮ್ಮೆ ಪ್ರಶ್ನೆ ಇನ್ನೂ ತೆರೆದೇ ಇರುತ್ತದೆ. ಇಟಲಿಯ ಪಾಂಪೇ ನಗರ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದದ್ದು ಕ್ರಿ.ಶ. 79ರ ಆಗಸ್ಟ್ 24 ಎಂದು ಬಹುಕಾಲ ಓದಿಕೊಂಡು ಬಂದೆವು. ಆ ತಾರೀಖಿಗೆ ಆಧಾರ ರೋಮನ್ ಲೇಖಕ ಕಿರಿಯ ಪ್ಲಿನಿ ವರ್ಷಗಳ ನಂತರ ಬರೆದ ಪತ್ರ. ಅದರ ಮೂಲ ಪ್ರತಿ ಉಳಿದಿಲ್ಲ, ಕೈಬರಹದ ನಕಲುಗಳು ಮಾತ್ರ ಇವೆ. 2018ರಲ್ಲಿ ಅಲ್ಲಿನ ಒಂದು ಮನೆಯ ಗೋಡೆಯ ಮೇಲೆ ಇದ್ದಿಲಿನ ಬರಹ ಸಿಕ್ಕಿತು; ಅದರ ತಾರೀಖು ಅಕ್ಟೋಬರ್ 17ಕ್ಕೆ ಸರಿಹೊಂದುತ್ತದೆ. ಇದ್ದಿಲಿನ ಬರಹ ಗೋಡೆಯ ಮೇಲೆ ಬಹುಕಾಲ ಉಳಿಯುವುದಿಲ್ಲ, ಆದ್ದರಿಂದ ಸ್ಫೋಟ ಅಕ್ಟೋಬರಿನಲ್ಲೇ ಆಗಿರಬೇಕು ಎಂಬುದು ಒಂದು ವಾದ. ಅದರಲ್ಲಿ ಇಸವಿ ಬರೆದಿಲ್ಲವಲ್ಲ ಎಂಬುದು ಇನ್ನೊಂದು. ಇಂಥ ಕಡೆ ಎರಡೂ ವಾದಗಳನ್ನು ಕೊಟ್ಟು, ನಿಮಗೆ ಯಾವುದು ಸರಿ ಕಾಣುತ್ತದೆ, ಏಕೆ ಎಂದು ಬರೆಯುವುದು ಪೂರ್ತಿ ನ್ಯಾಯವಾದ ಉತ್ತರ.

ಅಂಕಿಗಳನ್ನೂ ನಕ್ಷೆಗಳನ್ನೂ ಪ್ರಶ್ನಿಸಿ

ಬ್ರಿಟನ್ನಿನ ವರದಿಯ ಈ ಲೆಕ್ಕ ನೋಡಿ. ಮೊದಲ ದರ್ಜೆಯ 325 ಪ್ರಯಾಣಿಕರಲ್ಲಿ ಬದುಕಿದವರು 203. ಮೂರನೇ ದರ್ಜೆಯ 706ರಲ್ಲಿ 178. ಸಿಬ್ಬಂದಿ 885ರಲ್ಲಿ 212. ಬದುಕಿದವರನ್ನಷ್ಟೇ ಎಣಿಸಿದರೆ ಸಿಬ್ಬಂದಿಯದೇ ದೊಡ್ಡ ಸಂಖ್ಯೆ. ತಮ್ಮನ್ನೇ ಮೊದಲು ಉಳಿಸಿಕೊಂಡರು ಎಂದು ಯಾರಾದರೂ ಬರೆದುಬಿಡಬಹುದು. ಶೇಕಡಾವಾರು ಮಾಡಿ ನೋಡಿ: ಮೊದಲ ದರ್ಜೆಯಲ್ಲಿ ನೂರಕ್ಕೆ 62, ಮೂರನೇ ದರ್ಜೆಯಲ್ಲಿ 25, ಸಿಬ್ಬಂದಿಯಲ್ಲಿ 24. ಕಥೆಯೇ ತಿರುಗಿತು. ಗಣಿತದ ಪುಸ್ತಕದ ಶೇಕಡಾ ಪಾಠ ಇತಿಹಾಸಕ್ಕೆ ಇಷ್ಟು ಬೇಕಾಗುತ್ತದೆ. ಜನಸಂಖ್ಯೆ, ಸಾಕ್ಷರತೆ, ಮಳೆ, ಬೆಳೆ ಯಾವ ಅಂಕಿಯೇ ಇರಲಿ, ಯಾರು ಎಣಿಸಿದರು, ಯಾವ ವರ್ಷ, ಎಷ್ಟರಲ್ಲಿ ಎಷ್ಟು ಎಂಬ ಮೂರೂ ಇಲ್ಲದೆ ಬರೆದುಕೊಳ್ಳಬೇಡಿ.

ನಕ್ಷೆಯೂ ಒಂದು ಆಕರವೇ. ಗೋಡೆಗೆ ತೂಗುಹಾಕುವ ಮರ್ಕೇಟರ್ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಅದರ ಸುಮಾರು 14 ಪಟ್ಟು. ಆ ನಕ್ಷೆಯನ್ನು ಮಾಡಿದ್ದು ನಾವಿಕರು ದಿಕ್ಕು ಹಿಡಿದು ಹೋಗಲಿ ಎಂದು, ವಿಸ್ತೀರ್ಣ ಹೋಲಿಸಲಿ ಎಂದಲ್ಲ.

ಟಿಪ್ಪಣಿ ಮಾಡಿಕೊಳ್ಳುವ ಕ್ರಮ

ನಕಲು ಹೆಚ್ಚಾಗಿ ನುಸುಳುವುದು ಟಿಪ್ಪಣಿ ಮಾಡುವಾಗಲೇ, ಅದೂ ಮಗುವಿಗೆ ಗೊತ್ತಿಲ್ಲದಂತೆ. ಪುಸ್ತಕ ತೆರೆದಿಟ್ಟುಕೊಂಡು ಬರೆದರೆ ಅದರ ವಾಕ್ಯಗಳೇ ಕೈಗೆ ಬರುತ್ತವೆ. ಒಂದು ಭಾಗ ಓದಿ, ಪುಸ್ತಕ ಮುಚ್ಚಿ, ಗೆಳೆಯನಿಗೆ ಹೇಳುವಂತೆ ನಿಮ್ಮ ಮಾತಿನಲ್ಲಿ ಬರೆಯಿರಿ. ಆಮೇಲೆ ಪುಸ್ತಕ ತೆರೆದು ಹೆಸರು, ಇಸವಿ ಸರಿ ಇದೆಯೇ ನೋಡಿ. ಯಾರದಾದರೂ ಮಾತನ್ನು ಹಾಗೆಯೇ ಬಳಸಬೇಕೆನ್ನಿಸಿದರೆ ಆಗಲೇ ಉದ್ಧರಣ ಚಿಹ್ನೆ ಹಾಕಿ, ಪುಟದ ಸಂಖ್ಯೆ ಬರೆದುಬಿಡಿ. ಪ್ರತಿ ಉಪಪ್ರಶ್ನೆಗೆ ಒಂದೊಂದು ಬೇರೆ ಹಾಳೆ ಇಟ್ಟರೆ, ಬರೆಯಲು ಕೂತಾಗ ಒಂದು ಹಾಳೆ ಒಂದು ಪ್ಯಾರಾ ಆಗುತ್ತದೆ. ನಿಮಗೆ ಹೊಳೆದ ಯೋಚನೆಯನ್ನು ಬೇರೆ ಬಣ್ಣದಲ್ಲಿ ಬರೆಯಿರಿ, ಪುಸ್ತಕದ್ದು ಯಾವುದು ನಿಮ್ಮದು ಯಾವುದು ಎಂಬುದು ಆಮೇಲೆ ಗೊಂದಲ ಆಗದು.

ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳ ಬಗ್ಗೆಯೂ ಒಂದು ಮಾತು. ಕಷ್ಟದ ಪ್ಯಾರಾ ಅರ್ಥ ಮಾಡಿಕೊಳ್ಳಲು, ಹುಡುಕುವ ಪದ ಸೂಚಿಸಲು ಅವು ನೆರವಾಗುತ್ತವೆ. ಇಲ್ಲದ ಪುಸ್ತಕದ ಹೆಸರನ್ನೂ, ಯಾರೂ ಆಡದ ಮಾತನ್ನೂ ಅಷ್ಟೇ ಧೈರ್ಯವಾಗಿ ಕೊಡುತ್ತವೆ. ಅದು ಹೇಳಿದ ಇಸವಿಯನ್ನೋ ಹೆಸರನ್ನೋ ಒಂದು ಪುಸ್ತಕದಲ್ಲೋ ದಾಖಲೆಯಲ್ಲೋ ನೀವೇ ಕಾಣುವವರೆಗೆ ಪ್ರಾಜೆಕ್ಟಿಗೆ ಸೇರಿಸಬೇಡಿ. ಶಾಲೆಯ ನಿಯಮ ಏನಿದೆ ಎಂದೂ ಕೇಳಿಕೊಳ್ಳಿ.

ಬರೆಯುವುದು, ಒಪ್ಪಿಸುವುದು

ಮೊದಲ ಪ್ಯಾರಾದಲ್ಲೇ ಪ್ರಶ್ನೆಯನ್ನೂ ನೀವು ಕಂಡುಕೊಂಡ ಉತ್ತರವನ್ನೂ ಹೇಳಿಬಿಡಿ. ಮುಂದಿನ ಪ್ರತಿ ಪ್ಯಾರಾ ಒಂದು ಕಾರಣ, ಅದಕ್ಕೊಂದು ಆಧಾರ. ದೋಣಿಗಳ ಪ್ರಶ್ನೆಗಾದರೆ ಹಳೆಯ ನಿಯಮ ಒಂದು ಪ್ಯಾರಾ. ಇದ್ದ ದೋಣಿಗಳೂ ತುಂಬದೆ ಹೋದದ್ದು ಇನ್ನೊಂದು: 40 ಜನ ಹಿಡಿಸುವ ಒಂದನೇ ನಂಬರಿನ ದೋಣಿ ಇಳಿದದ್ದು 12 ಮಂದಿಯನ್ನು ಹೊತ್ತು. ಹಾಗಾದರೆ ದೋಣಿ ಹೆಚ್ಚಿದ್ದರೆ ಎಲ್ಲರೂ ಉಳಿಯುತ್ತಿದ್ದರೇ? ಈ ಸಂಗತಿ ನಿಮ್ಮ ಉತ್ತರಕ್ಕೇ ಅಡ್ಡ ಬರುತ್ತದೆ. ಅಡ್ಡ ಬರುವುದನ್ನು ಮುಚ್ಚಿಡದೆ ಬರೆದಾಗಲೇ ಪ್ರಾಜೆಕ್ಟ್ ಗಟ್ಟಿಯಾಗುವುದು.

ಮನೆಯ ದೊಡ್ಡವರಲ್ಲಿ ಒಂದು ಕೋರಿಕೆ: ಬರೆದುಕೊಡಬೇಡಿ. ಮಗುವಿನ ಪಕ್ಕ ಕೂತು "ಇದು ಎಲ್ಲಿ ಸಿಕ್ಕಿತು?" ಎಂದು ಸಾಲು ಸಾಲಿಗೂ ಕೇಳಿ. ಉತ್ತರ ಬಾರದ ಸಾಲನ್ನು ಮಗುವೇ ಹುಡುಕಿ ತರಲಿ, ಸಿಗದಿದ್ದರೆ ತಾನೇ ಹೊಡೆದುಹಾಕಲಿ.

ಕೊನೆಯಲ್ಲಿ ಆಕರಗಳ ಪಟ್ಟಿ. ಪುಸ್ತಕವಾದರೆ ಲೇಖಕರು, ಹೆಸರು, ಪ್ರಕಾಶಕರು, ಇಸವಿ. ಜಾಲತಾಣವಾದರೆ ಪುಟದ ಹೆಸರು, ವಿಳಾಸ, ನೀವು ನೋಡಿದ ತಾರೀಖು. ಚಿತ್ರವಾದರೆ ಅದು ಯಾರದ್ದು, ಎಲ್ಲಿಂದ ತಂದದ್ದು. ಪಟ್ಟಿಯನ್ನು ಕೊನೆಯ ರಾತ್ರಿಗೆ ಉಳಿಸಿಕೊಳ್ಳದೆ, ಒಂದೊಂದು ಆಕರ ತೆರೆದಾಗಲೇ ಒಂದೊಂದು ಸಾಲು ಸೇರಿಸುತ್ತಾ ಬನ್ನಿ. ಹುಡುಕಿಯೂ ಉತ್ತರ ಸಿಗದ ಪ್ರಶ್ನೆಗಳಿದ್ದರೆ ಅವನ್ನು ಪಟ್ಟಿಯ ಮೇಲೆ ಎರಡು ಸಾಲಿನಲ್ಲಿ ಬರೆದು, ಎಲ್ಲೆಲ್ಲಿ ಹುಡುಕಿದಿರಿ ಎಂಬುದನ್ನೂ ಸೇರಿಸಿ ಶಿಕ್ಷಕರ ಕೈಗೆ ಕೊಡಿ.