ಮೊರೇರ ಗುಡ್ಡಕ್ಕೆ ಹತ್ತು ಕಿಲೋ ನೀರು

ನಾನು ಗಂಗಾವತಿಯವನು. ನಮ್ಮೂರನ್ನು ಭತ್ತದ ಕಣಜ ಅನ್ನುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆ ನೋಡಿಕೊಂಡೇ ಬೆಳೆದವನಿಗೆ ಪಕ್ಕದ ಗುಡ್ಡದಲ್ಲಿ ಕುಡಿಯಲು ನೀರಿರುವುದಿಲ್ಲ ಅಂತ ಹೊಳೆಯುವುದಾದರೂ ಹೇಗೆ?

ಹಿರೇಬೆಣಕಲ್ ಹತ್ತಿರದ ಮೊರೇರ ಗುಡ್ಡಕ್ಕೆ ಮೊದಲ ಸಲ ಹೋದಾಗ ಮೂರು ಲೀಟರ್ ಒಯ್ದಿದ್ದೆ. ಕಲ್ಲುಚಪ್ಪಡಿ ನಿಲ್ಲಿಸಿ ಕಟ್ಟಿದ, ಎರಡು ಸಾವಿರ ವರ್ಷಕ್ಕೂ ಹಳೆಯ ನೂರಾರು ಸಮಾಧಿಗಳು ಅಲ್ಲಿವೆ. ಗಾಡಿ ದಾರಿ ಇಲ್ಲ, ನಡೆದೇ ಹತ್ತಬೇಕು. ಹನ್ನೊಂದು ಗಂಟೆಗೆಲ್ಲ ನೀರು ಮುಗಿಯಿತು. ಮೇಲೊಂದು ಕೆರೆ ಇದೆ ಅಂತ ಧೈರ್ಯ. ಹೋಗಿ ನೋಡಿದರೆ ತಳದಲ್ಲಿ ಹಸಿರು ನೀರು. ಕುರಿ ಕಾಯುತ್ತಿದ್ದ ಅಜ್ಜ ನಕ್ಕ. "ತಮ್ಮಾ, ಅದು ನನ್ನ ಕುರಿಗೆ ಚಲೋ ಐತಿ, ನಿನಗಲ್ಲ." ತನ್ನ ಬಾಟಲಿಯಿಂದಲೇ ಎರಡು ಗುಟುಕು ಕೊಟ್ಟ. ಸುಮ್ಮನೆ ಇಳಿದು ಬಂದೆ.

ಮುಂದಿನ ಫೆಬ್ರವರಿಗೆ ಎರಡು ದಿನದ ನಡಿಗೆ ಅಂದುಕೊಂಡಾಗ ನೀರಿನ ಲೆಕ್ಕ ಮೊದಲು ಹಾಕಿದೆ. ಒಂದು ಬೆಳಿಗ್ಗೆ ಚೀಲ ಹೊತ್ತು ಕಾಲುವೆ ದಂಡೆ ಮೇಲೆ ಮೂರು ತಾಸು ನಡೆದೆ. ಎರಡು ಲೀಟರ್ ಖಾಲಿ. ಅಂದರೆ ದಿನಕ್ಕೆ ಐದಾದರೂ ಬೇಕು, ಎರಡು ದಿನಕ್ಕೆ ಹತ್ತು. ಹತ್ತು ಲೀಟರ್ ಅಂದರೆ ಹತ್ತು ಕಿಲೋ! ಚೀಲದಿಂದ ಟೆಂಟು, ಸ್ಟವ್ವು, ಪಾತ್ರೆ ಎಲ್ಲ ಹೊರಬಿದ್ದವು. ಟೆಂಟಿಗೆ ದುಡ್ಡು ಸುರಿದದ್ದೇ ದಂಡ. ಕರಡಿ, ಚಿರತೆ ಓಡಾಡುವ ಗುಡ್ಡದಲ್ಲಿ ರಾತ್ರಿ ಉಳಿಯುವ ಮಾತೇ ಬೇಡ ಅಂತ ಊರವರು ಖಡಾಖಂಡಿತ ಹೇಳಿದರು. ಹಾಗಾಗಿ ಮೊದಲ ದಿನ ಗುಡ್ಡ ಹತ್ತಿ ಇಳಿದು, ಊರ ಹಿರಿಯರನ್ನು ಕೇಳಿ ಗುಡಿ ಕಟ್ಟೆಯಲ್ಲಿ ಮಲಗುವುದು, ಮರುದಿನ ಗುಡ್ಡದ ಬುಡ ಹಿಡಿದು ಆನೆಗೊಂದಿ ಕಡೆ ಹೋಗುವುದು ಅಂತಾಯಿತು. ಎರಡನೇ ದಿನದ ಐದು ಲೀಟರ್ ಊರಲ್ಲೇ ಇಟ್ಟೆ. ಬೆನ್ನಿಗೆ ಅರ್ಧ ಭಾರ ಇಳಿಯಿತು.

ಬುತ್ತಿಗೆ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಉಳ್ಳಾಗಡ್ಡಿ. ಬೇಯಿಸುವುದಿಲ್ಲ, ಕೆಡುವುದಿಲ್ಲ. ಆದರೆ ರೊಟ್ಟಿ ತಿಂದರೆ ದಾಹ ಜಾಸ್ತಿ, ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಈಗ ಒಂದಿಷ್ಟು ಮಂಡಕ್ಕಿ, ಓಆರ್‌ಎಸ್ ಪೊಟ್ಟಣ ಸೇರಿಸುತ್ತೇನೆ.

ಬೆಳಕು ಹರಿದ ಮೇಲೆ ಹೊರಟು ಹತ್ತೂವರೆಗೆ ನಿಲ್ಲಿಸುವುದು, ನಾಲ್ಕರವರೆಗೆ ಬಂಡೆ ನೆರಳಲ್ಲಿ ಬಿದ್ದುಕೊಳ್ಳುವುದು. ನಸುಕಿನಲ್ಲಿ ನಡೆದರೆ ಇನ್ನೂ ತಂಪು, ಆದರೆ ಅದು ಕರಡಿ ಓಡಾಡುವ ಹೊತ್ತು. ಮೊಬೈಲಿನಲ್ಲಿ ಮ್ಯಾಪ್ ಮೊದಲೇ ಇಳಿಸಿಕೊಂಡಿದ್ದೆ. ಎಷ್ಟು ಹೊತ್ತಿಗೆ ಬರುತ್ತೇನೆ ಅಂತ ಮನೆಯಲ್ಲಿ ಚೀಟಿ ಬರೆದಿಟ್ಟಿದ್ದೆ.

ಲೆಕ್ಕ ತಪ್ಪಿದ್ದು ಚಪ್ಪಲಿಯಲ್ಲಿ. ಹಗುರ ಅಂತ ತೆಳು ಅಟ್ಟೆಯದು ಹಾಕಿದ್ದೆ. ಬಳ್ಳಾರಿ ಜಾಲಿ ಮುಳ್ಳು ಅದನ್ನು ದಾಟಿ ಹಿಮ್ಮಡಿಗೇ ಇಳಿಯಿತು. ಉಳಿದ ದಾರಿ ಕುಂಟುತ್ತಲೇ ಸಾಗಿತು. ಸಂಜೆ ಕಾಲುವೆ ದಂಡೆಗೆ ಬಂದಾಗ ಕ್ಯಾನಿನಲ್ಲಿ ಅರ್ಧ ಲೀಟರ್ ಉಳಿದಿತ್ತು. ಕೂತು ಮುಳ್ಳು ಕಿತ್ತು, ಅದರಿಂದಲೇ ಕಾಲು ತೊಳೆದೆ.